ಮನೆ ಇದೆ, ನೆಲ ಇಲ್ಲ

ಬೀಗ ತೆಗೆದು ಒಳಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟೆ. ಗೋಡೆ, ಕಿಟಕಿ, ಮೆಟ್ಟಿಲು, ಅಡುಗೆಮನೆ ಎಲ್ಲಾ ಇತ್ತು. ನೆಲ ಮಾತ್ರ ಇರಲಿಲ್ಲ! ಕಾಲ ಕೆಳಗೆ ಬರೀ ಬೂದು ಬಣ್ಣದ ಸಿಮೆಂಟು, ಅಲ್ಲಲ್ಲಿ ಹಳೇ ಅಂಟಿನ ಕಲೆ. ತಲೆ ಎತ್ತಿದರೆ ಸೀಲಿಂಗ್‌ನಿಂದ ಎರಡು ವೈರ್ ನೇತಾಡ್ತಿವೆ, ಬಲ್ಬ್ ಹೋಲ್ಡರ್ ಕೂಡ ಇಲ್ಲ. ಕಿಟಕಿಗೆ ಪರದೆ ಇಲ್ಲ, ಪರದೆ ಹಾಕೋ ರಾಡೂ ಇಲ್ಲ.

ತಿಪಟೂರಿನಿಂದ ವಿಡಿಯೋ ಕಾಲ್‌ನಲ್ಲಿ ನೋಡ್ತಿದ್ದ ಅಪ್ಪ ಕೇಳಿದರು, “ಇದೇನಪ್ಪಾ, ಇನ್ನೂ ಕಟ್ತಾ ಇದಾರಾ?”

“ಇಲ್ಲ ಅಪ್ಪಾ, ಕಟ್ಟಿ ನಲವತ್ತು ವರ್ಷ ಆಗಿದೆಯಂತೆ.”

“ಮತ್ತೆ ನೆಲ ಎಲ್ಲಿ?”

“ಹಿಂದೆ ಇದ್ದ ಬಾಡಿಗೆಯವರು ತಗೊಂಡು ಹೋದ್ರು. ನಾನು ನೋಡೋಕೆ ಬಂದಾಗ ಇತ್ತು.”

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, “ಮನೆ ಖಾಲಿ ಮಾಡುವಾಗ ಫ್ಯಾನು, ಗೀಸರ್ ಬಿಚ್ಕೊಂಡು ಹೋಗೋರನ್ನ ನೋಡಿದೀನಿ. ನೆಲಾನೇ ಹೊತ್ಕೊಂಡು ಹೋಗೋರನ್ನ ಇದೇ ಮೊದ್ಲು ಕಣಪ್ಪಾ ನೋಡ್ತಿರೋದು.”

ಈ ಅಂಕಣ ಓದುವ ಕೆಲವರು ಕೇಳಿದ್ದೀರಿ: “ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸ ಸಿಕ್ಕಿದೆ. ಮನೆ ಸಿಗೋದು ನಿಜವಾಗ್ಲೂ ಅಷ್ಟು ಕಷ್ಟಾನಾ? ಸಿಟಿ ಬಿಟ್ಟು ಹಳ್ಳಿ ಕಡೆ ಹೋದ್ರೆ ಸುಲಭಾನಾ?” ಚಿಕ್ಕ ಉತ್ತರ: ಕಷ್ಟ. ಹಳ್ಳಿ ಕಡೆ ಹೋದರೂ ಕಷ್ಟವೇ, ಆದರೆ ಬೇರೆ ಥರದ ಕಷ್ಟ. ದೊಡ್ಡ ಉತ್ತರ ಈ ಸಲದ ಅಂಕಣ.

ಹೆಲಾಸ್, ಹೆಲಾಸ್

2025ರ ಜನವರಿ ಕೊನೆಯಲ್ಲಿ ನಾನೊಬ್ಬನೇ ಐಂಡ್‌ಹೋವನ್‌ಗೆ ಬಂದಿಳಿದೆ. ಫಿಲಿಪ್ಸ್ ಕಂಪನಿ 1891ರಲ್ಲಿ ಹುಟ್ಟಿದ ಊರು ಇದು. ಪಕ್ಕದ ವೆಲ್ಡ್‌ಹೋವನ್‌ನಲ್ಲಿ ಚಿಪ್ ಮಾಡುವ ಯಂತ್ರಗಳನ್ನು ತಯಾರಿಸುವ ಎಎಸ್‌ಎಂಎಲ್ ಇದೆ. ಅದರ ಸುತ್ತ ಸಣ್ಣ ದೊಡ್ಡ ಕಂಪನಿಗಳು ಬೇಕಾದಷ್ಟಿವೆ, ಅಂಥದ್ದೊಂದರಲ್ಲಿ ನನ್ನ ಕೆಲಸ. ಶನಿವಾರ ಸಂಜೆ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪಿನ ಮುಂದೆ ನಿಂತರೆ ಕನ್ನಡ ಕಿವಿಗೆ ಬೀಳುತ್ತೆ.

ಕಂಪನಿಯವರು ಎರಡು ತಿಂಗಳ ಮಟ್ಟಿಗೆ ಒಂದು ಅಪಾರ್ಟ್‌ಮೆಂಟ್ ಕೊಟ್ಟಿದ್ದರು. ಮಾರ್ಚ್ 31ಕ್ಕೆ ಖಾಲಿ ಮಾಡಬೇಕು. ಹೆಂಡತಿ ಏಪ್ರಿಲ್ ಮಧ್ಯದಲ್ಲಿ ಬರೋದು ಅಂತ ಟಿಕೆಟ್ ಆಗಿತ್ತು. ಬರುವಾಗ ಅವಳಿಗೆ ಐದು ತಿಂಗಳು.

ಇಲ್ಲಿ ಎಲ್ಲವೂ ವಿಳಾಸದಿಂದ ಶುರು. ನಾಲ್ಕು ತಿಂಗಳಿಗಿಂತ ಹೆಚ್ಚು ಇರೋಕೆ ಬಂದವರು ಐದು ದಿನದೊಳಗೆ ‘ಖೆಮೇಂಟೆ’ಯಲ್ಲಿ, ಅಂದ್ರೆ ಸ್ಥಳೀಯ ಪುರಸಭೆಯಲ್ಲಿ, ತಾವು ವಾಸ ಇರೋ ಮನೆಯ ವಿಳಾಸ ಕೊಟ್ಟು ಹೆಸರು ನೋಂದಾಯಿಸಬೇಕು. ಆಗ ಬಿಎಸ್‌ಎನ್ ಅಂತ ಒಂದು ನಂಬರ್ ಸಿಗುತ್ತೆ, ನಮ್ಮ ಆಧಾರ್ ಥರ ಅಂದ್ಕೊಳ್ಳಿ. ಆ ನಂಬರ್ ಕೇಳದೆ ವಿಮೆ ಕಂಪನಿ ಮುಂದೆ ಹೋಗಲ್ಲ. ವಿಮೆ ಇಲ್ಲದಿದ್ದರೆ ಮಿಡ್‌ವೈಫ್, ಸ್ಕ್ಯಾನಿಂಗ್, ಹೆರಿಗೆಯ ಖರ್ಚೆಲ್ಲ ನಮ್ಮ ತಲೆ ಮೇಲೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಮೊದಲ ಡಿಪೆಂಡೆನ್ಸಿಯೇ ಇಲ್ಲದಿದ್ರೆ ಬಿಲ್ಡ್ ಹೇಗೆ ಓಡಬೇಕು? ನನ್ನ ನೋಂದಣಿ ತಾತ್ಕಾಲಿಕ ವಿಳಾಸದಲ್ಲಿ ಹೇಗೋ ಆಗಿತ್ತು. ಅವಳದ್ದು ಆಗಬೇಕಾದರೆ ನಮ್ಮದೇ ಒಂದು ಬಾಗಿಲು ಬೇಕಿತ್ತು.

ಹುಡುಕಾಟ ಶುರುವಾಯ್ತು. ಸಿಟಿಯಲ್ಲಿ ಎರಡು ರೂಮಿನ ಮನೆಗೆ ಸಾವಿರದ ಐನೂರು ಯೂರೋ ಮೇಲೆ. ಬಾಡಿಗೆಯ ಮೂರು ಪಟ್ಟು ಸಂಬಳ ತೋರಿಸಬೇಕು. ಅರ್ಜಿ ಹಾಕಿದವರಲ್ಲಿ ಕೆಲವರನ್ನ ಮಾತ್ರ ಮನೆ ನೋಡೋಕೆ ಕರೀತಾರೆ, ತಲಾ ಹತ್ತು ನಿಮಿಷ. ನಾನು ಒಳಗೆ ಹೋಗುವಾಗ ಒಂದು ಜೋಡಿ ಹೊರಗೆ ಬರ್ತಿತ್ತು, ನಾನು ಹೊರಗೆ ಬರುವಾಗ ಇನ್ನೊಂದು ಜೋಡಿ ಗೇಟಲ್ಲಿ ನಿಂತಿತ್ತು. ಎರಡು ದಿನ ಬಿಟ್ಟು ಮೇಲ್ ಬರುತ್ತೆ. ಮೊದಲ ಪದ ‘ಹೆಲಾಸ್’. ದುರದೃಷ್ಟವಶಾತ್ ಅಂತ ಅರ್ಥ. ನಾನು ಕಲಿತ ಮೊದಲ ಡಚ್ ಪದ ಅದೇ. ಹದಿನೇಳು ಹೆಲಾಸ್ ಬಂದವು.

ಕಡಿಮೆ ಬಾಡಿಗೆಯ ಮನೆಗಳೂ ಇವೆ. ಅವನ್ನು ವಸತಿ ಸಂಸ್ಥೆಗಳು ನಡೆಸುತ್ತವೆ. ಆದರೆ ಅದಕ್ಕೆ ಆದಾಯದ ಮಿತಿ ಇದೆ, ನನ್ನ ಸಂಬಳ ಅದನ್ನು ದಾಟಿತ್ತು. ದಾಟದಿದ್ದರೂ ಪ್ರಯೋಜನ ಇರ್ತಿರಲಿಲ್ಲ. ಅಲ್ಲಿನ ಕ್ಯೂ ತಿಂಗಳುಗಳದ್ದಲ್ಲ, ವರ್ಷಗಳದ್ದು.

ಒಂದು ರಾತ್ರಿ ಬೆಂಗಳೂರು ನೆನಪಾಯ್ತು. ಅಲ್ಲಿ ನನಗೆ ಮೂರೇ ದಿನದಲ್ಲಿ ಮನೆ ಸಿಕ್ಕಿತ್ತು. ಹತ್ತು ತಿಂಗಳ ಅಡ್ವಾನ್ಸ್ ಕೇಳಿದ್ದು ಹೌದು, ಆದರೆ ಮಾಲೀಕರು “ನೀವು ಯಾವ ಜನ?” ಅಂತ ಕೇಳಿದಾಗ ನನ್ನ ಹತ್ತಿರ ಅವರಿಗೆ ಒಪ್ಪಿಗೆಯಾಗೋ ಉತ್ತರ ಇತ್ತು. ನನ್ನ ಜೊತೆ ಅದೇ ಕಾಲೇಜಲ್ಲಿ ಓದಿ, ಅದೇ ಕಂಪನಿ ಸೇರಿದ್ದ ಗೆಳೆಯನ ಹತ್ತಿರ ಇರಲಿಲ್ಲ. ಅವನು ಎರಡು ತಿಂಗಳು ಪಿಜಿಯಲ್ಲೇ ಇದ್ದ. ಅವತ್ತು ನನಗೆ ಅದೇನೂ ದೊಡ್ಡ ವಿಷಯ ಅನಿಸಿರಲಿಲ್ಲ. ಹದಿನೇಳನೇ ಹೆಲಾಸ್ ಓದಿದ ರಾತ್ರಿ ಅವನಿಗೆ ಫೋನ್ ಮಾಡಿದೆ. ಮನೆ ವಿಷಯ ಹೇಳಿದೆ. ಅವನು ನಕ್ಕು, “ಸ್ವಾಗತ ಮಗಾ” ಅಂದ.

ರಜಾ ಪಾರ್ಕಿನ ಆಸೆ

ಸಿಟಿಯಾಚೆ ಹುಡುಕು ಅಂದರು ಸಹೋದ್ಯೋಗಿಗಳು. ಐಂಡ್‌ಹೋವನ್‌ನಿಂದ ಬೆಲ್ಜಿಯಂ ಗಡಿ ಕಡೆಗೆ ‘ಕೆಂಪನ್’ ಅನ್ನೋ ಪ್ರದೇಶ ಇದೆ. ಮರಳು ಮಣ್ಣು, ಪೈನ್ ಕಾಡು, ಜೋಳದ ಹೊಲ, ಹಂದಿ ಸಾಕಣೆ. ಏರ್ಸೆಲ್, ಸ್ಟೇನ್ಸೆಲ್, ಹೀಗೆ ಹೆಚ್ಚಾಗಿ ‘ಸೆಲ್’ ಅಂತ ಮುಗಿಯುವ ಹೆಸರಿನ ಎಂಟು ಊರುಗಳಿಗೆ ‘ಎಂಟು ಧನ್ಯತೆಗಳು’ ಅಂತ ಅಡ್ಡಹೆಸರು. ನಮ್ಮ ಸಂದ್ರ, ಪಾಳ್ಯಗಳ ಹಾಗೆ.

ಆ ಕಡೆ ಹುಡುಕಿದ ಎರಡನೇ ದಿನವೇ ಒಂದು ಮನೆ ಸಿಕ್ಕಿಬಿಟ್ಟಿತು. ಒಂದು ರಜಾ ಪಾರ್ಕಿನೊಳಗೆ ಮರದ ಪುಟ್ಟ ಮನೆ, ಸೋಫಾ, ಮಂಚ ಸಮೇತ, 1,400 ಯೂರೋ. ಮಾಲೀಕರು ಒಂದೇ ಷರತ್ತು ಹಾಕಿದರು: “ಇಲ್ಲಿ ವಿಳಾಸ ನೋಂದಾಯಿಸೋ ಹಾಗಿಲ್ಲ.” ನಾನು ಅಡ್ವಾನ್ಸ್ ಕಳಿಸೋಕೆ ಬ್ಯಾಂಕ್ ಆ್ಯಪ್ ತೆರೆದಿದ್ದೆ. ಮನೆ ಸಿಕ್ಕಿದರೆ ಸಾಕು, ನೋಂದಣಿ ಆಮೇಲೆ ನೋಡಿಕೊಳ್ಳೋಣ ಅನ್ನೋ ಸ್ಥಿತಿ.

ಹೆಂಡತಿ ತಡೆದಳು. “ಒಂದ್ಸಲ ಆಫೀಸಿಗೆ ಫೋನ್ ಮಾಡಿ ಕೇಳೋ. ಕೇಳೋಕೇನು ದುಡ್ಡು ಕೊಡ್ಬೇಕಾ?”

ಪುರಸಭೆಯ ಕೌಂಟರಿನ ಮಹಿಳೆ ಸಮಾಧಾನವಾಗಿ ವಿವರಿಸಿದರು. ನೀವು ನಿಜವಾಗಿ ಎಲ್ಲಿ ವಾಸ ಇದ್ದೀರೋ ಅಲ್ಲಿ ನೋಂದಾಯಿಸೋದು ಕಾನೂನಿನ ಕರ್ತವ್ಯ. ಮಾಲೀಕರು ಬೇಡ ಅನ್ನೋಕೆ ಬರಲ್ಲ. ಆದರೆ ರಜಾ ಮನೆ ಇರೋದು ರಜೆಗೆ, ಕಾಯಂ ವಾಸಕ್ಕೆ ಅಲ್ಲ. ಹಾಗಾಗಿ ನಾವೇ ನಿಮ್ಮ ಹೆಸರು ಬರ್ಕೊಂಡು, ಆಮೇಲೆ ನಾವೇ ಮನೆ ಬಿಡಿ ಅಂತ ಪತ್ರ ಕಳಿಸಬಹುದು, ಬಿಡದಿದ್ದರೆ ದಂಡ ಹಾಕಬಹುದು. “ಆಗಸ್ಟ್‌ನಲ್ಲಿ ಮಗು ಅಂತೀರಿ. ಆ ಪತ್ರ ಜುಲೈನಲ್ಲಿ ಬಂದರೆ?” ಅಂದರು.

ಬ್ಯಾಂಕ್ ಆ್ಯಪ್ ಮುಚ್ಚಿದೆ.

ಅಜ್ಜಿ ಕೇಳಿದ ಪ್ರಶ್ನೆ

ಕೊನೆಗೆ ಮನೆ ಸಿಕ್ಕಿದ್ದು ಯಾವ ವೆಬ್‌ಸೈಟಿನಲ್ಲೂ ಅಲ್ಲ. ಇಲ್ಲಿನ ಹಳ್ಳಿಗಳಲ್ಲಿ ಊರಿನದೇ ವಾದ್ಯವೃಂದ ಇರುತ್ತೆ. ನನ್ನ ಟೀಮಿನ ಒಬ್ಬರು ಅಲ್ಲಿ ಟ್ರಾಂಬೋನ್ ನುಡಿಸ್ತಾರೆ. ಅವರ ಪಕ್ಕ ಕೂತು ನುಡಿಸುವ ಹುಡುಗನ ಅಜ್ಜಿಯ ಹತ್ತಿರ ಒಂದು ಮನೆ ಖಾಲಿಯಾಗ್ತಿದೆ ಅಂತ ಸುದ್ದಿ ಬಂತು. ಏರ್ಸೆಲ್ ಪುರಸಭೆಗೆ ಸೇರಿದ ಒಂದು ಹಳ್ಳಿ, ಆಫೀಸಿಗೆ ಸೈಕಲ್‌ನಲ್ಲಿ ಮುಕ್ಕಾಲು ಗಂಟೆ.

ಅಜ್ಜಿಗೆ ಎಂಬತ್ತೆರಡು ವರ್ಷ. ಕಾಫಿ ಕೊಟ್ಟು, ಡಬ್ಬಿ ತೆಗೆದು ಒಂದೇ ಒಂದು ಬಿಸ್ಕತ್ತು ಕೊಟ್ಟು, ಡಬ್ಬಿ ಮುಚ್ಚಿದರು. ಜಿಪುಣತನ ಅಲ್ಲ, ಇಲ್ಲಿನ ಪದ್ಧತಿ ಅದು. ಅವರು ಡಚ್‌ನಲ್ಲಿ ಮಾತಾಡಿದರು, ಮೊಮ್ಮಗ ಇಂಗ್ಲಿಷ್‌ಗೆ ತಿರುಗಿಸಿದ.

ಅವರ ಮಗ ಆ ಮನೆ ಮಾರಿಬಿಡೋಣ ಅಂತಿದ್ದರಂತೆ. ಕಾರಣ ಇದೆ. 2024ರ ಜುಲೈ 1ರಿಂದ ಇಲ್ಲಿ ಎರಡು ಕಾನೂನು ಬಂದವು. ಒಂದರ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಬಾಡಿಗೆ ಕರಾರಿಗೆ ಕೊನೆಯ ದಿನಾಂಕ ಹಾಕುವಂತಿಲ್ಲ. ಇನ್ನೊಂದು ಬಾಡಿಗೆ ಎಷ್ಟಿರಬೇಕು ಅನ್ನೋದಕ್ಕೆ. ಮನೆಯ ವಿಸ್ತೀರ್ಣ, ಎನರ್ಜಿ ಲೇಬಲ್, ಅಡುಗೆಮನೆ, ತೋಟ, ಸರ್ಕಾರಿ ಮೌಲ್ಯ ಎಲ್ಲಕ್ಕೂ ಅಂಕ ಕೊಡ್ತಾರೆ, ನಮ್ಮ ಪರೀಕ್ಷೆ ಥರ. 186 ಅಂಕದವರೆಗಿನ ಮನೆಗೆ ಕಾನೂನೇ ಗರಿಷ್ಠ ಬಾಡಿಗೆ ಹೇಳುತ್ತೆ. 2025ರಲ್ಲಿ 186 ಅಂಕದ ಮನೆಗೆ ಅದು 1,184.82 ಯೂರೋ. ಬಾಡಿಗೆದಾರರಿಗೆ ಒಳ್ಳೇದೇ. ಆದರೆ ಲೆಕ್ಕ ಹಾಕಿ ನೋಡಿದ ಎಷ್ಟೋ ಮಾಲೀಕರು ಬಾಡಿಗೆ ಬೇಡ ಅಂತ ಮನೆ ಮಾರಿದರು. ಒಳಗಿದ್ದವರಿಗೆ ರಕ್ಷಣೆ ಸಿಕ್ಕಿತು, ಹೊರಗೆ ಕ್ಯೂನಲ್ಲಿದ್ದವರಿಗೆ ಮನೆ ಕಡಿಮೆಯಾಯ್ತು.

ಅಜ್ಜಿಗೆ ಮಾರೋಕೆ ಇಷ್ಟ ಇರಲಿಲ್ಲ. ನನ್ನನ್ನ ಅವರು ಜಾತಿ ಕೇಳಲಿಲ್ಲ, ಊಟ ಕೇಳಲಿಲ್ಲ, ಸಂಬಳದ ಚೀಟಿಯನ್ನೂ ಮೊಮ್ಮಗನ ಕಡೆ ಸರಿಸಿದರು. ಕೇಳಿದ್ದು ಒಂದೇ: “ನೀವು ಇಲ್ಲಿ ಬದುಕೋಕೆ ಬರ್ತೀರೋ, ಮಲಗೋಕೆ ಬರ್ತೀರೋ?”

ನನಗೆ ಅರ್ಥವಾಗಲಿಲ್ಲ. ಮೊಮ್ಮಗ ವಿವರಿಸಿದ. ಬೀದಿಯಲ್ಲಿ ಕೆಲವು ಮನೆಯವರು ಬೆಳಗ್ಗೆ ಕಾರ್ ಹತ್ತಿ ಹೋದರೆ ರಾತ್ರಿ ಬರ್ತಾರೆ, ಮುಖವೇ ಕಾಣಲ್ಲ. ಬೇಕರಿ ಮುಚ್ಚಿತು. ಶಾಲೆಯಲ್ಲಿ ಮಕ್ಕಳು ಕಡಿಮೆಯಾಗ್ತಿದ್ದಾರೆ. ಹಳ್ಳಿಯ ಪುಟ್ಟ ಬಸ್ಸನ್ನು ಓಡಿಸೋದೇ ಸ್ವಯಂಸೇವಕರು, ಅವರಿಗೂ ವಯಸ್ಸಾಗಿದೆ.

ಆಗಸ್ಟ್‌ನಲ್ಲಿ ನಮಗೆ ಮಗು ಆಗುತ್ತೆ ಅಂದೆ. ಇಲ್ಲಿ ಮಕ್ಕಳು ನಾಲ್ಕನೇ ವಯಸ್ಸಿಗೆ ಶಾಲೆ ಸೇರೋದು. ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕಿ, “2029” ಅಂದರು. ಆಮೇಲೆ ಡಬ್ಬಿ ತೆಗೆದು ಇನ್ನೊಂದು ಬಿಸ್ಕತ್ತು ಕೊಟ್ಟರು!

170 ಅಂಕದ ಮನೆ, ಬಾಡಿಗೆ 1,050 ಯೂರೋ, ಡೆಪಾಸಿಟ್ ಎರಡು ತಿಂಗಳದ್ದು. ಅದಕ್ಕಿಂತ ಹೆಚ್ಚು ಕೇಳೋಕೆ ಕಾನೂನು ಬಿಡಲ್ಲ. ಅಪ್ಪ ಫೋನ್‌ನಲ್ಲಿ, “ಹನ್ನೊಂದು ತಿಂಗಳ ಅಗ್ರಿಮೆಂಟಾ?” ಅಂತ ಕೇಳಿದರು. ಕೊನೆ ದಿನಾಂಕವೇ ಇಲ್ಲ ಅಂದರೆ ನಂಬಲಿಲ್ಲ.

ಮೊಮ್ಮಗ ಗೇಟಿನವರೆಗೆ ಬಂದ. ಅವನಿಗೆ ಇಪ್ಪತ್ತೆಂಟು, ಹೀಟ್ ಪಂಪ್ ಕೂರಿಸೋ ಕೆಲಸ, ಇನ್ನೂ ಅಪ್ಪ ಅಮ್ಮನ ಮನೆಯಲ್ಲೇ ಇದ್ದಾನೆ. ಮಾತಿಗೆ ಮಾತು ಬಂದು ಹೇಳಿದ, “ವಸತಿ ಸಂಸ್ಥೆಯ ಪಟ್ಟಿಯಲ್ಲಿ ನಾನು ಎಂಟು ವರ್ಷದಿಂದ ಇದ್ದೀನಿ.”

“ಈ ಮನೆ ನೀನೇ ತಗೋಬಹುದಿತ್ತಲ್ಲ?”

“ಒಬ್ಬನ ಸಂಬಳದಲ್ಲಿ ಇಷ್ಟು ಬಾಡಿಗೆ ಆಗಲ್ಲ. ಅಜ್ಜಿ ಕಡಿಮೆಗೆ ಕೊಡ್ತೀನಿ ಅಂದ್ರು. ಅತ್ತೆಯಂದಿರು ಒಪ್ಪಲಿಲ್ಲ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗ್ತಿತ್ತು. ಎರಡು ತಿಂಗಳ ಹಿಂದೆ ಬಂದವನಿಗೆ ಮನೆ ಸಿಕ್ಕಿತು, ಅಲ್ಲೇ ಹುಟ್ಟಿದವನು ಕಾಯ್ತಿದ್ದಾನೆ. ನಾನು ತಪ್ಪು ಮಾಡಿಲ್ಲ, ಆದರೂ ಸೈಕಲ್ ತುಳೀತಾ ವರ್ತೂರು, ಬೆಳ್ಳಂದೂರು ನೆನಪಾದವು. ನಾವು ಐಟಿಯವರು ಸಾಲುಗಟ್ಟಿ ಬಂದು ಕೇಳಿದಷ್ಟು ಬಾಡಿಗೆ ಕೊಟ್ಟಾಗ ಆ ಊರಿನ ಹುಡುಗರಿಗೂ ಹೀಗೇ ಆಗಿತ್ತಾ? ಅಲ್ಲಿದ್ದಷ್ಟು ದಿನ ಯಾರನ್ನೂ ಕೇಳಿರಲಿಲ್ಲ.

ನೆಲ ಹಾಕಿದ ಎರಡು ಶನಿವಾರ

ಈಗ ಆ ಸಿಮೆಂಟಿಗೆ ಬರೋಣ. ಇಲ್ಲಿ ಬಾಡಿಗೆ ಮನೆ ಮೂರು ಥರ. ಸೋಫಾ, ಮಂಚ, ಪಾತ್ರೆ ಎಲ್ಲ ಇರೋದು ‘ಖೆಮ್ಯೂಬಿಲೇರ್ಡ್’. ನೆಲಹಾಸು, ಪರದೆ ಮಾತ್ರ ಇರೋದು ‘ಖೆಸ್ಟೊಫೇರ್ಡ್’. ಏನೂ ಇಲ್ಲದ್ದು ‘ಕಾಲ್’, ಅಂದ್ರೆ ಬೋಳು. ಕರಾರಿನಲ್ಲಿ ಆ ಪದ ಇತ್ತು. ಅನ್‌ಫರ್ನಿಶ್ಡ್ ಅಂದ್ರೆ ಸೋಫಾ ಇಲ್ಲ ಅಂತ ನಾನು ತಿಳ್ಕೊಂಡಿದ್ದೆ. ನೆಲ ಕೂಡ ಬಾಡಿಗೆದಾರರ ಸ್ವಂತ ಆಸ್ತಿ ಅಂತ ಯಾರಿಗೆ ಗೊತ್ತು? ಹೊಸಬರು ದುಡ್ಡು ಕೊಟ್ಟು ತಗೊಂಡರೆ ಹಳಬರು ಬಿಟ್ಟು ಹೋಗ್ತಾರೆ. ನನ್ನನ್ನೂ ಮೇಲ್‌ನಲ್ಲಿ ಕೇಳಿದ್ದರು. ಡಚ್ ಮೇಲ್, ನಾನು ಸರಿಯಾಗಿ ಓದಿರಲಿಲ್ಲ.

ಶನಿವಾರ ಬೆಳಗ್ಗೆ ಎಂಟಕ್ಕೆ ಬೆಲ್ ಆಯ್ತು. ಮೊಮ್ಮಗ ಗರಗಸ, ಸುತ್ತಿಗೆ, ಮಂಡಿಗೆ ಕಟ್ಟೋ ಪ್ಯಾಡ್ ಹಿಡ್ಕೊಂಡು ನಿಂತಿದ್ದ. “ಅಜ್ಜಿ ಕಳಿಸಿದ್ರು” ಅಂದ. ಮೊದಲು ಫೋಮ್ ಹಾಸಬೇಕು, ಆಮೇಲೆ ಲ್ಯಾಮಿನೇಟ್ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಾ ಹೋಗಬೇಕು. ಗೋಡೆ ಪಕ್ಕ ಒಂದು ಸೆಂಟಿಮೀಟರ್ ಜಾಗ ಬಿಡಬೇಕು, ಇಲ್ಲದಿದ್ದರೆ ಹಲಗೆ ಹಿಗ್ಗಿದಾಗ ನೆಲ ಉಬ್ಬುತ್ತೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನು ಮೊದಲ ಸಾಲನ್ನೇ ಎರಡು ಸಲ ತಪ್ಪಾಗಿ ಕತ್ತರಿಸಿದೆ. ಅವನು ದುಡ್ಡು ಮುಟ್ಟಲಿಲ್ಲ. ಇಂಡಕ್ಷನ್ ಒಲೆ ಮೇಲೆ ಚಿತ್ರಾನ್ನ ಮಾಡಿಕೊಟ್ಟೆ. ಮುಂದಿನ ಶನಿವಾರ ಬರುವಾಗ, “ಆ ಹಳದಿ ಅನ್ನ ಇದೆಯಾ?” ಅಂತಲೇ ಒಳಗೆ ಬಂದ. ನೆಲ, ಪರದೆ, ಲೈಟು ಎಲ್ಲ ಸೇರಿ ಹತ್ತಿರ ಹತ್ತಿರ ಎರಡು ಸಾವಿರ ಯೂರೋ ಆಯ್ತು.

ಬರುವವರಿಗೆ ನಾಲ್ಕು ಮಾತು

ಕೇಳಿದವರಿಗೆ ನನ್ನ ಅನುಭವದ ಪಟ್ಟಿ ಇದು. ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರಗಳಿಗೆ ಭಾರತದಲ್ಲೇ ಅಪೊಸ್ಟಿಲ್ ಮುದ್ರೆ ಹಾಕಿಸಿಕೊಂಡು ಬನ್ನಿ. ಇಲ್ಲಿಗೆ ಬಂದ ಮೇಲೆ ಓಡಾಡೋದು ಕಷ್ಟ.

“ನೋಂದಣಿ ಮಾಡೋ ಹಾಗಿಲ್ಲ” ಅನ್ನೋ ಮನೆ ಎಷ್ಟೇ ಚೆನ್ನಾಗಿದ್ದರೂ ಮುಂದೆ ಹೋಗಿ. ಮನೆ ನೋಡದೆ ದುಡ್ಡು ಕಳಿಸಬೇಡಿ. ಮಾಲೀಕರ ಪರವಾಗಿ ಕೆಲಸ ಮಾಡೋ ಏಜೆಂಟ್ ನಿಮ್ಮಿಂದ ಕಮಿಷನ್ ತಗೊಳ್ಳೋ ಹಾಗಿಲ್ಲ.

2025ರಿಂದ ಹೊಸ ಕರಾರಿನ ಜೊತೆ ಅಂಕಗಳ ಪಟ್ಟಿ ಕೊಡೋದು ಕಡ್ಡಾಯ. ಕೇಳಿ ಪಡೀರಿ. ಬಾಡಿಗೆ ಜಾಸ್ತಿ ಅನಿಸಿದರೆ ಸರ್ಕಾರದ ಬಾಡಿಗೆ ಸಮಿತಿ ‘ಹ್ಯೂರ್‌ಕಮಿಸಿ’ಗೆ ದೂರು ಕೊಡಬಹುದು. ಬಾಡಿಗೆಯ ಮೇಲೆ ಕಸದ ತೆರಿಗೆ, ನೀರು ಮಂಡಳಿಯ ತೆರಿಗೆ ಬೇರೆ ಇರುತ್ತೆ, ಲೆಕ್ಕದಲ್ಲಿಡಿ.

ಹಳ್ಳಿಗೆ ಹೋಗೋದಾದ್ರೆ ಬಸ್ ಟೈಮ್ ಮೊದಲು ನೋಡಿ. ಭಾನುವಾರದ ಬಸ್ ನಂಬಿ ಪ್ಲಾನ್ ಮಾಡಬೇಡಿ. 30 ಪರ್ಸೆಂಟ್ ತೆರಿಗೆ ಸೌಲಭ್ಯ ಸಿಕ್ಕವರು ಭಾರತದ ಡ್ರೈವಿಂಗ್ ಲೈಸೆನ್ಸ್ ಕೊಟ್ಟು ಪರೀಕ್ಷೆಯಿಲ್ಲದೆ ಡಚ್ ಲೈಸೆನ್ಸ್ ಪಡೀಬಹುದು. ವಸಂತದಲ್ಲಿ ಹೊಲಕ್ಕೆ ಗೊಬ್ಬರ ಹೊಡೆದಾಗ ಕಿಟಕಿ ಮುಚ್ಚಿ. ತಿಪಟೂರಿನವನಿಗೆ ಅದೇನು ಹೊಸ ವಾಸನೆ ಅಲ್ಲ ಬಿಡಿ.

ಅಂಗಳದಲ್ಲಿ ಕೊಕ್ಕರೆ

ಹೆಂಡತಿ ಬಂದ ಮೂರನೇ ದಿನ ಅವಳ ಹೆಸರು ನಮ್ಮ ವಿಳಾಸದ ಮೇಲೆ ನೋಂದಾಯಿಸಿದೆವು. ನಂಬರ್ ಬಂತು, ವಿಮೆ ಆಯ್ತು, ಮಿಡ್‌ವೈಫ್ ಸಿಕ್ಕರು. ಹೆರಿಗೆಯಾದ ಮೇಲೆ ಎಂಟು ದಿನದಷ್ಟು ಕಾಲ ಮನೆಗೇ ನರ್ಸ್ ಬಂದು ಬಾಣಂತಿ, ಮಗುವನ್ನ ನೋಡ್ಕೊಳ್ಳೋ ವ್ಯವಸ್ಥೆ ಇಲ್ಲಿದೆ. ಅವರಿಗೆ ಬೆನ್ನು ನೋಯಬಾರದು ಅಂತ ಮಂಚ ಸೊಂಟದ ಹತ್ತಿರ ಬರೋ ಹಾಗೆ ಎತ್ತರಿಸಬೇಕು. ಎದುರು ಮನೆಯವರು ಅಟ್ಟದಿಂದ ಮರದ ತುಂಡುಗಳನ್ನ ತಂದು ಮಂಚದ ಕಾಲಿಗೆ ಕೊಟ್ಟರು. ಈ ಬೀದಿಯ ಎಷ್ಟೋ ಮಕ್ಕಳು ಆ ತುಂಡುಗಳ ಮೇಲೇ ಬೆಳೆದಿದ್ದಂತೆ.

ಆಗಸ್ಟ್ ಎರಡನೇ ವಾರ ಆಸ್ಪತ್ರೆಯಿಂದ ಮಗಳನ್ನ ಕರ್ಕೊಂಡು ಬಂದಾಗ ಅಂಗಳದಲ್ಲಿ ಆಳೆತ್ತರದ ಮರದ ಕೊಕ್ಕರೆ ನಿಂತಿತ್ತು. ಮಗು ಹುಟ್ಟಿದ ಮನೆ ಮುಂದೆ ನೆರೆಯವರು ಹಾಗೆ ನಿಲ್ಲಿಸ್ತಾರೆ. ಅಜ್ಜಿ ಕೋಲೂರಿಕೊಂಡು ಬಂದು ಮಗು ನೋಡಿ, ಮತ್ತೆ “2029” ಅಂದರು.

ಮೊನ್ನೆ ಮಗುವನ್ನ ಮಲಗಿಸಿ ಹೆಂಡತಿ ಕೇಳಿದಳು, “ನಾವು ಯಾವತ್ತಾದ್ರೂ ಈ ಮನೆ ಬಿಟ್ರೆ ನೆಲ ಎತ್ಕೊಂಡು ಹೋಗ್ತೀಯಾ?”

ಇಲ್ಲ ಅಂದೆ. ಮಾರನೇ ದಿನ ಮೊಮ್ಮಗ ಸಿಕ್ಕಾಗ ಅವನಿಗೂ ಹೇಳಿದೆ: “ನಾವು ಹೋಗುವಾಗ ನೆಲ ಇಲ್ಲೇ ಇರುತ್ತೆ. ನೀನೇ ಹಾಕಿದ್ದು, ನೀನೇ ಇಟ್ಕೋ.”

ಅವನು ನಕ್ಕ. “ಅಷ್ಟರೊಳಗೆ ಪಟ್ಟಿಯಲ್ಲಿ ನನ್ನ ಸರದಿ ಬಂದಿರಲಿ ಅಂತ ಹಾರೈಸು” ಅಂದ.

ಹಾರೈಸ್ತಾ ಇದ್ದೀನಿ. ಅವನದ್ದು ಈಗ ಒಂಬತ್ತನೇ ವರ್ಷ.